ಒಂದೇ ಬೋನಿನೊಳಗೆ ಅಣ್ಣ ತಮ್ಮ

ಗೇವಿನ್ ಓಕಾನರ್ ನಿರ್ದೇಶನದ ‘ವಾರಿಯರ್’ (2011) ಸಿನಿಮಾ ನಮ್ಮಲ್ಲಿ ಹಲವರಿಗೆ ಗೊತ್ತಿರುವುದು ಅದರ ಹಿಂದಿ ರೂಪ ‘ಬ್ರದರ್ಸ್’ (2015) ಮೂಲಕ. ದೂರವಾದ ಅಣ್ಣ ತಮ್ಮ ಬೋನಿನಂಥ ಅಖಾಡದೊಳಗೆ ಎದುರಾಗುವ ಕತೆ ಅದು. ಬರೀ ಹೊಡೆದಾಟದ ಸಿನಿಮಾ ಎಂದು ಬದಿಗಿಡುವ ಮುನ್ನ ಅದರ ಊರು, ಕಾಲ ಎರಡನ್ನೂ ನೋಡೋಣ.

ಅಪ್ಪ ಪ್ಯಾಡಿ ಇರುವುದು ಪಿಟ್ಸ್‌ಬರ್ಗ್‌ನಲ್ಲಿ. ಉಕ್ಕಿನಿಂದ ಬೆಳೆದ ಊರು. 1980ರ ದಶಕದಲ್ಲಿ ಅಲ್ಲಿನ ಕುಲುಮೆಗಳು ಒಂದೊಂದಾಗಿ ಆರಿದವು, ಸಾವಿರಾರು ಮನೆಗಳಿಗೆ ಸಂಬಳ ನಿಂತಿತು. ಅದೇ ಸುತ್ತಿನಲ್ಲಿ ಬಾಕ್ಸಿಂಗ್, ಕುಸ್ತಿ, ಕರಾಟೆ ಬೆರೆತ ‘ಟಫ್ ಗಯ್’ ಪಂದ್ಯಗಳು ನಡೆದವು. 1983ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಕಾನೂನು ಮಾಡಿ ಅವನ್ನು ನಿಲ್ಲಿಸಿತು.

ಹತ್ತು ವರ್ಷ ಕಳೆದು, 1993ರ ನವೆಂಬರಿನಲ್ಲಿ ಡೆನ್ವರ್‌ನಲ್ಲಿ ಯುಎಫ್‌ಸಿಯ ಮೊದಲ ಪಂದ್ಯ ನಡೆಯಿತು. ತೂಕದ ವರ್ಗಗಳೇ ಇರಲಿಲ್ಲ. ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿ ಅಂಕ ಎಂದು ಜರೆದು, ನಿಷೇಧಿಸುವಂತೆ ಗವರ್ನರುಗಳಿಗೆ ಪತ್ರ ಬರೆದರು. 2000ದಲ್ಲಿ ನ್ಯೂಜೆರ್ಸಿ ರಾಜ್ಯ ಗ್ಲೌಸು, ತೂಕ, ಸುತ್ತುಗಳ ಸಮಯ ಎಲ್ಲಕ್ಕೂ ನಿಯಮ ಕಟ್ಟಿ ಪಂದ್ಯಕ್ಕೆ ಅನುಮತಿ ಕೊಟ್ಟಿತು. ಸಿನಿಮಾದ 50 ಲಕ್ಷ ಡಾಲರ್ ಬಹುಮಾನದ ಪಂದ್ಯ ನಡೆಯುವುದೂ ಅದೇ ರಾಜ್ಯದ ಅಟ್ಲಾಂಟಿಕ್ ಸಿಟಿಯಲ್ಲಿ.

ಅಣ್ಣ ಬ್ರೆಂಡನ್ ಭೌತಶಾಸ್ತ್ರದ ಮೇಷ್ಟ್ರು. ಅಮೆರಿಕದ ಗೃಹಸಾಲದ ಬಿಕ್ಕಟ್ಟು ಸ್ಫೋಟಿಸಿದ್ದು 2008ರಲ್ಲಿ. ಇವನ ಮನೆಯೂ ಬ್ಯಾಂಕಿನ ಪಾಲಾಗುವುದರಲ್ಲಿದೆ. ಸಾಲದ ನೋಟಿಸು ಬಂದ ಮನೆಗಳ ಸುದ್ದಿ ಬರೆಯುವ ನಮಗೆ ಈ ಮೇಷ್ಟ್ರು ಹೊಸಬನಲ್ಲ. ದುಡ್ಡಿಗಾಗಿ ಹೊಡೆದಾಡಿದನೆಂದು ಶಾಲೆಯವರೂ ಅವನನ್ನು ಅಮಾನತು ಮಾಡುತ್ತಾರೆ.

ತಮ್ಮ ಟಾಮಿಯದು ಬೇರೆ ನೋವು. ಕುಡಿದು ಹೊಡೆಯುತ್ತಿದ್ದ ಅಪ್ಪನನ್ನು ಬಿಟ್ಟು ತಾಯಿಯೊಂದಿಗೆ ಊರು ತೊರೆದವನು, ಅವಳ ಸಾವನ್ನು ಒಬ್ಬನೇ ನೋಡಿದವನು. ಅಣ್ಣ ಅಂದು ಜೊತೆಗೆ ಬರಲಿಲ್ಲ ಎಂಬ ಸಿಟ್ಟು ಆರಿಲ್ಲ. ಅಪ್ಪ ಈಗ ಕುಡಿತ ಬಿಟ್ಟಿದ್ದಾನೆ, ಆದರೆ ಬ್ರೆಂಡನ್ ಅವನನ್ನು ಮನೆಯೊಳಗೆ ಸೇರಿಸನು. ಈ ಪಾತ್ರಕ್ಕೆ ನಿಕ್ ನೋಲ್ಟಿ ಆಸ್ಕರ್ ನಾಮನಿರ್ದೇಶನ ಪಡೆದರು.

ನಮ್ಮ ಗರಡಿ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು. ಈ ಆಟದಲ್ಲಿ ಪಟ್ಟಿಗೆ ಸಿಕ್ಕವನು ಕೈ ತಟ್ಟಿ ‘ಸಾಕು’ ಎನ್ನಬಹುದು. ಕೊನೆಯಲ್ಲಿ ಭುಜ ತಪ್ಪಿದ ತಮ್ಮ ತಟ್ಟುವುದು ಅಣ್ಣ ಕ್ಷಮೆ ಕೇಳಿ, ಪ್ರೀತಿಯ ಮಾತಾಡಿದ ಮೇಲೆ. ಮನೆಯಲ್ಲಿ ಆಡಬೇಕಿದ್ದ ಆ ಮಾತಿಗೆ ಅವರು ತೆತ್ತ ಬೆಲೆ ಎಷ್ಟು ಎಂಬುದೇ ನಮ್ಮನ್ನು ಕಾಡುತ್ತದೆ.