ನೆಲ ಬಿಟ್ಟ ಗರಡಿ

ಧನಕವಡಿಯಲ್ಲಿ ನಮ್ಮದು ಮೂರನೇ ಮಹಡಿಯ ಮನೆ. ಸಾತಾರಾ ರಸ್ತೆಯ ಲಾರಿಗಳ ಸದ್ದು ರಾತ್ರಿಯಿಡೀ ಕೇಳುತ್ತದೆ, ಅದರ ಬಗ್ಗೆ ಯಾರದೂ ತಕರಾರಿಲ್ಲ. ಆದರೆ ಮಗ ಹಾಲಿನ ಚಾವಣಿಗೆ ಪಂಚಿಂಗ್ ಬ್ಯಾಗ್ ನೇತುಹಾಕಿದ ಮೂರನೇ ದಿನಕ್ಕೆ ಮೇಲಿನ ಮನೆಯವರು ಬಂದು, ನೆಲವೇ ಅದುರುತ್ತಿದೆ ಎಂದರು. ಆಮೇಲೆ ಕೆಳಗಿನ ಮನೆಯ ಆಜಿ ಬಂದರು. ಬೈಯಲಿಲ್ಲ. ಹಾಸಿಗೆ ಹಿಡಿದ ಯಜಮಾನರು ಪ್ರತಿ ಹೆಜ್ಜೆಗೂ ಕಣ್ಣು ಬಿಡುತ್ತಾರೆ ಎಂದಷ್ಟೇ ಮರಾಠಿಯಲ್ಲಿ ಹೇಳಿ ಇಳಿದುಹೋದರು. ಬೈದಿದ್ದರೆ ವಾಸಿಯಿತ್ತು. ಮಗ ಅಂದೇ ಕೈಗವಸು ಬಿಚ್ಚಿ ಮೂಲೆಗೆಸೆದ.

ನನ್ನ ಅಜ್ಜ ಬೆಳಗಾವಿ ಕಡೆಯ ಗರಡಿಯಲ್ಲಿ ಬೆಳೆದವರು. ಅಲ್ಲಿ ಇಂಥ ಜಗಳ ಹುಟ್ಟಿದ್ದನ್ನು ಯಾರೂ ಕೇಳಿಲ್ಲ. ಯಾಕೆ ಎಂದು ಹುಡುಕುತ್ತಾ ಹೋದರೆ ಉತ್ತರ ಸಿಗುವುದು ಪೈಲ್ವಾನರ ಸಜ್ಜನಿಕೆಯಲ್ಲಲ್ಲ, ಮಣ್ಣಿನಲ್ಲಿ.

ಗರಡಿಯ ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆರಸ ಬೆರೆಸಿ, ದಿನವೂ ಅಗೆದು ಸಡಿಲ ಮಾಡುತ್ತಿದ್ದರು. ಬಿದ್ದವನ ಬೆನ್ನಿಗೆ ಪೆಟ್ಟಾಗಬಾರದೆಂದು ಮಾಡಿದ ಹದ ಅದು. ಬಿದ್ದ ಸದ್ದನ್ನೂ ಅದೇ ನುಂಗುತ್ತಿತ್ತು. ಹಳೆಯ ಗರಡಿ ಮನೆಗಳ ಬಾಗಿಲು ಗಿಡ್ಡ, ಅಖಾಡ ತಗ್ಗಿನಲ್ಲಿ. ಕಾಸರಗೋಡಿನಿಂದ ತೆಂಕಣಕ್ಕೆ ಹೋದರೆ ಕಳರಿಯನ್ನು ನೆಲ ಅಗೆದೇ ಕಟ್ಟುತ್ತಾರೆ: 42 ಅಡಿ ಉದ್ದ, 21 ಅಡಿ ಅಗಲದ ಗುಂಡಿ. ಕೆಳಗೆ ಯಾರ ಚಾವಣಿಯೂ ಇಲ್ಲ, ಭೂಮಿಯೇ ಇದೆ.

ಸಲಕರಣೆಯೂ ಈ ಭೂಮಿಯನ್ನೇ ನಂಬಿಕೊಂಡಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸ. ಅದರ ಮಲ್ಲವಿನೋದದ ಭಾಗದಲ್ಲಿ ಜಟ್ಟಿಗಳ ಸಾಧನೆಯ ವಿವರವಿದೆ. ಭಾರ ಹೊರುವುದು, ನಡೆಯುವುದು, ಈಜುವುದರ ಜೊತೆಗೆ ಕಂಬದ ಕಸರತ್ತೂ ಅಲ್ಲಿದೆ. ಆ ಕಂಬವೇ ನಮ್ಮ ಮಲ್ಲಗಂಬದ ಹಿರಿಯ. ಏಳು ಶತಮಾನ ಕಳೆದ ಮೇಲೆ ಮಲ್ಲಗಂಬಕ್ಕೆ ಮತ್ತೆ ಜೀವ ತುಂಬಿದವರು ಎರಡನೇ ಬಾಜೀರಾಯನ ಆಶ್ರಯದಲ್ಲಿದ್ದ ಬಾಳಂಭಟ್ಟ ದಾದಾ ದೇವಧರ. ನೆಲದಲ್ಲಿ ಹೂತ ಕಂಬದ ಮೇಲೆ ಎಷ್ಟು ಜಿಗಿದರೂ ಅದುರು ಬುಡಕ್ಕಿಳಿದು ಮಣ್ಣು ಸೇರುತ್ತದೆ. ನೆಲಕ್ಕೆ ಊರದ ಮಲ್ಲಗಂಬವೂ ಉಂಟು: ಸರಪಳಿಯಲ್ಲಿ ತೂಗುವುದೊಂದು, ಬರೀ ಹಗ್ಗದ್ದೊಂದು. ಪುಣೆಯ ಪೇಠೆಗಳಲ್ಲಿ ಒತ್ತೊತ್ತಾಗಿ ವಾಡೆಗಳಿದ್ದರೂ ನಡುನಡುವೆ ತಾಲೀಮುಗಳು ನಡೆದವು. ಊರಿನ ಐದು ಮಾನಾಚೆ ಗಣಪತಿಗಳಲ್ಲಿ ಮೂರನೆಯದರ ಹೆಸರು ಇಂದಿಗೂ ಗುರುಜೀ ತಾಲೀಮ್.

ಹಾಗಾದರೆ ನೆಲವನ್ನೇ ಬಿಟ್ಟು ಮಹಡಿ ಏರಿದವರು ಏನು ಮಾಡಿದರು? ಈ ಪ್ರಶ್ನೆಗೆ ನನಗೆ ಕಂಡ ಒಳ್ಳೆಯ ಉದಾಹರಣೆ ಚೀನಾದ್ದು. ವಿಂಗ್ ಚುನ್ ಕಲೆಯಲ್ಲಿ ಕೈಕಾಲು ಚಾಚಿದ ಮರದ ಬೊಂಬೆಯೊಂದಿದೆ, ಅದರ ಮೇಲೆ ಹೊಡೆತ ತಿದ್ದಿಕೊಳ್ಳುತ್ತಾರೆ. ಫೋಶಾನ್ ಊರಲ್ಲಿ ಅದನ್ನು ನೆಲದಲ್ಲಿ ಹೂಳುತ್ತಿದ್ದರು. ಮುಂದೆ ಬ್ರೂಸ್ ಲೀಗೆ ಗುರುವಾದ ಇಪ್ ಮನ್ 1949ರ ಸುಮಾರಿಗೆ ಊರು ಬಿಟ್ಟು ಹಾಂಗ್‌ಕಾಂಗ್ ಸೇರಿದರು. ಅಲ್ಲಿ ಇಕ್ಕಟ್ಟಿನ ಮಹಡಿ ಮನೆಗಳು, ಹೂಳಲು ಮಣ್ಣೆಲ್ಲಿ? 1950ರ ದಶಕದಲ್ಲಿ ಬೊಂಬೆಯನ್ನು ಎರಡು ಅಡ್ಡ ಪಟ್ಟಿಗಳಿಗೆ ಸಿಕ್ಕಿಸಿ ಗೋಡೆಗೆ ನಿಲ್ಲಿಸಿದರು. ಹೊಡೆದಾಗ ಪಟ್ಟಿ ಬಾಗಿ ಮರಳುತ್ತದೆ. ಮಣ್ಣಿನ ಕೆಲಸವನ್ನು ಮರದ ಬಾಗು ವಹಿಸಿಕೊಂಡಿತು. ಈಗ ಲೋಕದೆಲ್ಲೆಡೆ ವಿಂಗ್ ಚುನ್ ಶಾಲೆಗಳಲ್ಲಿ ಹೆಚ್ಚಾಗಿ ಕಾಣುವುದು ಈ ಬಾಗುವ ಬೊಂಬೆಯೇ.

ಇನ್ನೊಂದು ಉತ್ತರ ನಮ್ಮ ಗರಡಿಯಿಂದಲೇ ಹೊರಟು ಸಮುದ್ರ ದಾಟಿತು. ಅದು ಕರೇಲ, ಜೋಡಿ ಎಂದೂ ಹೆಸರು. ಎರಡು ಕೈಯಲ್ಲಿ ಹಿಡಿದು ಬೆನ್ನ ಹಿಂದೆ ಸುತ್ತುವ ಮರದ ಗದೆ. ಅದು ನೆಲ ಮುಟ್ಟುವುದಿಲ್ಲ, ಯಾವುದಕ್ಕೂ ಬಡಿಯುವುದಿಲ್ಲ, ಬಲವೆಲ್ಲ ಹೆಗಲಲ್ಲೇ ಸುತ್ತಿ ಹೆಗಲಲ್ಲೇ ಮುಗಿಯುತ್ತದೆ. ಕಂಪನಿ ಸರಕಾರದ ಸೈನಿಕರು ಇದನ್ನು ನೋಡಿ ಕಲಿತರು. 1834ರಲ್ಲಿ ಡೊನಾಲ್ಡ್ ವಾಕರ್ ಲಂಡನ್ನಿನಲ್ಲಿ ಪ್ರಕಟಿಸಿದ ವ್ಯಾಯಾಮದ ಪುಸ್ತಕದಲ್ಲಿ ಸೇರಿತು, 1866ರಲ್ಲಿ ನ್ಯೂಯಾರ್ಕಿನ ಸಿಮ್ ಕೀಹೋ ಇದರ ಮೇಲೇ ಪುಸ್ತಕ ಬರೆದ. ತೂಕ ಇಳಿದು, ಬಣ್ಣ ಬಳಿದುಕೊಂಡು, ಹೆಂಗಸರೂ ಮಕ್ಕಳೂ ಮನೆಯ ಕೋಣೆಯಲ್ಲೇ ಬೀಸುವ ಸಾಧನವಾಯಿತು. 1904 ಮತ್ತು 1932ರ ಒಲಿಂಪಿಕ್ಸ್‌ಗಳಲ್ಲಿ ಅದಕ್ಕೆ ಪದಕವೂ ಇತ್ತು. ಸಂಗ್ರಾಣಿ ಕಲ್ಲು ಲಂಡನ್ನಿಗೆ ಹೋಗಲಿಲ್ಲ. ಅದನ್ನು ಎತ್ತಿದವನು ಒಮ್ಮೆ ಕೆಳಗೆ ಹಾಕಲೇಬೇಕಲ್ಲ!

ಕಾಯಿದೆ ಈ ವಿಷಯದಲ್ಲಿ ಅಷ್ಟಾಗಿ ನೆರವಾಗುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ಗರಡಿಯ ಹುಡುಗರು ಏಳುತ್ತಿದ್ದುದು ನಾಲ್ಕಕ್ಕೆ. ಅಜ್ಜನ ಬೆಳಗು ಕಾಯಿದೆಯ ಪ್ರಕಾರ ಇನ್ನೂ ರಾತ್ರಿ. ಅದಕ್ಕಿಂತ ಮುಖ್ಯವಾಗಿ, ಆ ಅಂಕಿ ಅಳೆಯುವುದು ಪ್ರದೇಶದ ಗಾಳಿಯಲ್ಲಿ ಹರಡಿದ ಸದ್ದನ್ನು. ಕಾಂಕ್ರೀಟಿನೊಳಗೆ ಹರಿದು ಆಜಿಯ ಕೋಣೆಗೆ ಇಳಿಯುವ ಧಡ್ ಎನ್ನುವ ಪೆಟ್ಟು ಬೇರೆ ಜಾತಿಯದು. ಕಿಟಕಿ ಮುಚ್ಚಿದರೆ, ಗೋಡೆಗೆ ಫೋಮ್ ಅಂಟಿಸಿದರೆ ಅದು ನಿಲ್ಲುವುದಿಲ್ಲ. ಪೆಟ್ಟು ಸ್ಲ್ಯಾಬ್ ಮುಟ್ಟುವ ಮೊದಲೇ ಅದನ್ನು ಹಿಡಿಯಬೇಕು.

ನಾವು ಕೊನೆಗೆ ಮಾಡಿದ್ದೂ ಇಷ್ಟೇ. ಚೀಲ ಕಾತ್ರಜ್ ಕಡೆಯ ಗೆಳೆಯನ ಅಂಗಳದ ಬೇವಿನ ಮರಕ್ಕೆ ಹೋಯಿತು. ಟೆರೇಸಿಗೆ ಒಯ್ಯೋಣವೆಂದು ಮಗ ಅಂದಿದ್ದ, ಆದರೆ ಟೆರೇಸ್ ಎಂದರೂ ಇನ್ನೊಬ್ಬರ ಚಾವಣಿಯೇ. ಹಾಲಿನಲ್ಲಿ ದಪ್ಪ ರಬ್ಬರ್ ಹಾಸು, ಅದರ ಮೇಲೆ ಪ್ಲೈವುಡ್, ಮತ್ತೆ ಮೆತ್ತನೆಯ ಮ್ಯಾಟ್. ಜಿಗಿತ ಬಿಟ್ಟು, ನಿಧಾನದ ಹೆಜ್ಜೆ ಮತ್ತು ಕರೇಲ. ಊರಿಂದ ತಂದ ಅಜ್ಜನ ಜೋಡಿ ಮಗನಿಗೆ ಭಾರವಾಯಿತು, ಹಗುರದ್ದನ್ನು ಮಾಡಿಸಿದೆವು. ಮೊನ್ನೆ ಮೆಟ್ಟಿಲಲ್ಲಿ ಸಿಕ್ಕ ಆಜಿ, ಹುಡುಗ ಕಸರತ್ತು ಬಿಟ್ಟುಬಿಟ್ಟನೇ ಎಂದು ಬೇಸರದಿಂದಲೇ ಕೇಳಿದರು. ಬಿಟ್ಟಿಲ್ಲ ಆಜಿ, ದಿನಾ ಸಂಜೆ ಆರಕ್ಕೆ ಮಾಡ್ತಾನೆ ಎಂದೆ. ನಂಬಲಿಲ್ಲ. ಮರುದಿನ ಸಂಜೆ ತಾವೇ ಮೇಲೆ ಬಂದು ಕುರ್ಚಿಯಲ್ಲಿ ಕೂತು ನೋಡಿದರು, ಫ್ಯಾನ್ ಆರಿಸಿಟ್ಟ ಹಾಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ.