ಮಡಕೆಯ ಹೆಂಡ, ಬಾಟಲಿಯ ವೈನ್

ಶನಿವಾರ ಬೆಳಿಗ್ಗೆ ಬೆಂಗಳೂರಿನಿಂದ ನಂದಿ ಬೆಟ್ಟದ ಕಡೆ ಹೊರಡೋ ಕಾರುಗಳೆಲ್ಲ ಸೂರ್ಯೋದಯ ನೋಡೋಕೇ ಹೋಗ್ತಿವೆ ಅಂದ್ಕೋಬೇಡಿ. ಕೆಲವು ದೊಡ್ಡಬಳ್ಳಾಪುರದ ಕಡೆ ತಿರುಗಿ ದ್ರಾಕ್ಷಿ ತೋಟದ ಗೇಟಿನ ಮುಂದೆ ನಿಲ್ಲುತ್ತವೆ. ಅಲ್ಲಿ ಗೈಡ್ ಒಬ್ಬರು ಬಳ್ಳಿಗಳ ಸಾಲಿನಲ್ಲಿ ನಡೆಸಿಕೊಂಡು ಹೋಗಿ, ನಮ್ಮ ಹವೆಗೆ ವರ್ಷಕ್ಕೆ ಎರಡು ಸಲ, ಏಪ್ರಿಲ್‌ಗೊಮ್ಮೆ ಅಕ್ಟೋಬರ್‌ಗೊಮ್ಮೆ ಬಳ್ಳಿ ಸವರಬೇಕು, ಫೆಬ್ರವರಿ-ಮಾರ್ಚ್ ಹೊತ್ತಿಗೆ ಕಟಾವು ಅಂತ ವಿವರಿಸುತ್ತಾರೆ. ಆಮೇಲೆ ಸ್ಟೀಲ್ ಟ್ಯಾಂಕು, ಓಕ್ ಪೀಪಾಯಿ, ಕೊನೆಗೆ ಮೇಜಿನ ಮೇಲೆ ಸಾಲು ಗ್ಲಾಸು. ಮೊದಲು ಬಿಳಿ, ಆಮೇಲೆ ಕೆಂಪು. ಬಣ್ಣ ನೋಡಿ, ಗ್ಲಾಸು ತಿರುಗಿಸಿ, ಮೂಸಿ, ಆಮೇಲೆ ಒಂದೇ ಗುಟುಕು. ಮಣ್ಣು, ಮಳೆ, ಬಿಸಿಲು ಎಲ್ಲ ಸೇರಿ ಕೊಡುವ ರುಚಿಗೆ ಫ್ರೆಂಚರು ‘ಟೆರುವಾ’ ಅಂತಾರೆ ಅನ್ನೋದೂ ಗೊತ್ತಾಗುತ್ತೆ.

ಹಾಗಾದರೆ ನಮ್ಮೂರಿನ ಟೆರುವಾ ಯಾವುದು? ದಾವಣಗೆರೆ ಜಿಲ್ಲೆಯವರನ್ನು ಕೇಳಿದರೆ ಚನ್ನಗಿರಿಯವರು ಅಡಿಕೆ ತೋರಿಸಬಹುದು, ತುಂಗಭದ್ರೆಯ ದಂಡೆಯ ಹೊನ್ನಾಳಿ, ನ್ಯಾಮತಿಯವರು ಗದ್ದೆ ತೋರಿಸಬಹುದು. ಮಳೆ ಕೈಕೊಡುವ ಜಗಳೂರಿನ ಕಡೆ ಹಳ್ಳದ ಅಂಚಿಗೆ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆಯೋದು ಈಚಲು. ಈಗ ಅದರಿಂದ ಉಳಿದಿರೋದು ಪೊರಕೆ, ಚಾಪೆ. ಒಂದು ಕಾಲಕ್ಕೆ ಬಯಲುಸೀಮೆಯ ‘ವೈನು’ ಬರ್ತಾ ಇದ್ದದ್ದು ಇದೇ ಮರದಿಂದ.

ಈಡಿಗರು ಸಂಜೆ ಮರ ಕೆತ್ತಿ ಮಡಕೆ ಕಟ್ಟೋರು. ಬೆಳಗಿನ ಜಾವ ಇಳಿಸಿದಾಗ ಅದು ಸಿಹಿ ನೀರಾ. ಗಾಳಿಯಲ್ಲೇ ಇರುವ ಯೀಸ್ಟ್ ಸೇರಿ ಕೆಲವೇ ಗಂಟೆಗಳಲ್ಲಿ ನೊರೆಯೆದ್ದು ಹೆಂಡ. ಮರುದಿನಕ್ಕೆ ಹುಳಿ. ವೈನಿಗೆ ಬಾಟಲಿಯೊಳಗೆ ವರ್ಷಗಟ್ಟಲೆ ಕೂರೋ ತಾಳ್ಮೆ ಇದೆ, ಹೆಂಡಕ್ಕೆ ಒಂದು ದಿನವೂ ಇಲ್ಲ. ಹಾಗಾಗಿ ಅದು ಬೆಳೆದ ಊರಲ್ಲೇ ಮುಗಿಯಬೇಕು.

ಆ ಕಾಲದಲ್ಲಿ ಇದನ್ನು ಮಾರೋದು ತಲೆ ತಗ್ಗಿಸುವ ಕೆಲಸವೇ ಆಗಿತ್ತಾ? 12ನೇ ಶತಮಾನದ ಶರಣರ ಪಟ್ಟಿಯಲ್ಲಿ ಹೆಂಡದ ಮಾರಯ್ಯ ಇದ್ದಾರೆ, ಅದೂ ವಚನಕಾರರಾಗಿ. ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ಪಾನಗೋಷ್ಠಿಯ ವರ್ಣನೆ ಇದೆ. ಅಂದರೆ ‘ಟೇಸ್ಟಿಂಗ್’ ಅರಮನೆಗೆ ಹೊಸದಲ್ಲ. ದ್ರಾಕ್ಷಿಯೂ ಹೊಸದಲ್ಲ, ವಿಜಯನಗರದ ಪೇಟೆಯಲ್ಲಿ ದ್ರಾಕ್ಷಿ ಮಾರುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಪಾಯೆಸ್ 16ನೇ ಶತಮಾನದಲ್ಲಿ ಬರೆದಿಟ್ಟಿದ್ದಾನೆ.

ಕಥೆ ತಿರುಗಿದ್ದು ಅಬಕಾರಿ ಬಂದ ಮೇಲೆ. ಮೈಸೂರು ಸಂಸ್ಥಾನದಲ್ಲಿ ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು. ಊರಿನ ಹೆಂಡ ಸರ್ಕಾರದ ಆದಾಯವಾಯಿತು. ಆದಾಯ ನಿಲ್ಲಿಸಬೇಕು ಅಂದರೆ ಮರವನ್ನೇ ಕಡೀಬೇಕು ಅನ್ನೋದು ಚಳವಳಿಗಾರರ ಲೆಕ್ಕ. 1939ರಲ್ಲಿ, ಜಗಳೂರಿಗೆ ಅಷ್ಟೇನೂ ದೂರವಲ್ಲದ ಚಿತ್ರದುರ್ಗ ತಾಲ್ಲೂಕಿನ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಆಗ ಜಗಳೂರೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಆ ಹೋರಾಟದ ಮುಂಚೂಣಿಯಲ್ಲಿದ್ದವರು ಚಿತ್ರದುರ್ಗದ ವಕೀಲ ಎಸ್. ನಿಜಲಿಂಗಪ್ಪ. ಸ್ವಾತಂತ್ರ್ಯ ಬಂತು, ಪಾನನಿಷೇಧವೂ ಬಂತು. ಆದರೆ ಖಜಾನೆಗೆ ದುಡ್ಡು ಬೇಕಲ್ಲ! 1965ರ ಅಬಕಾರಿ ಕಾಯ್ದೆ 1967ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದು ಮದ್ಯ ಮತ್ತೆ ಕಾನೂನಿನೊಳಗೆ ಬಂದಾಗ ಮುಖ್ಯಮಂತ್ರಿ ಯಾರು ಗೊತ್ತಾ? ಅದೇ ನಿಜಲಿಂಗಪ್ಪನವರು. ಇದನ್ನು ದ್ವಂದ್ವ ಅಂತ ಆಡಿಕೊಳ್ಳೋದು ಸುಲಭ. ಚಳವಳಿಗಾರನಾಗಿ ಬೇಡ ಅನ್ನಿಸಿದ ಆದಾಯ, ರಾಜ್ಯ ನಡೆಸುವಾಗ ಬಿಡಲಾಗದ ಆದಾಯ. ಆ ಗಂಟನ್ನು ಆಮೇಲೆ ಬಂದ ಯಾವ ಸರ್ಕಾರವೂ ಬಿಚ್ಚಿಲ್ಲ. ಈಚಿನ ವರ್ಷಗಳಲ್ಲಿ ಅಬಕಾರಿ ಆದಾಯ 30 ಸಾವಿರ ಕೋಟಿ ರೂಪಾಯಿ ದಾಟಿದೆ.

ಈಗ 2007ಕ್ಕೆ ಬನ್ನಿ. ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ. ಅದೇ ವರ್ಷದ್ದೇ ರಾಜ್ಯದ ‘ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ’, ಅದರ ಜೊತೆಗೆ ವೈನ್ ಮಂಡಳಿ. ಹೆಸರು ಗಮನಿಸಿದ್ರಾ? ಒಂದು ಕುಡಿತದ ಪಿಡುಗು, ಇನ್ನೊಂದು ಕೃಷಿ ಉತ್ಪನ್ನದ ಸಂಸ್ಕರಣೆ. ಕನ್ವಲ್ ಗ್ರೋವರ್ 1988ರಲ್ಲಿ ನಂದಿಯ ತಪ್ಪಲಲ್ಲಿ ಫ್ರೆಂಚ್ ತಳಿಗಳ ತೋಟ ಕಟ್ಟಿದಾಗ ಒಂಟಿ ಪ್ರಯೋಗದಂತಿದ್ದದ್ದು ಈಗ ಸರ್ಕಾರದ ಉತ್ತೇಜನ ಪಡೆಯೋ ಉದ್ಯಮ. ನಮ್ಮ ‘ಬೆಂಗಳೂರು ಬ್ಲೂ’ ದ್ರಾಕ್ಷಿಗಂತೂ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ.

ಸಾರಾಯಿ ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಕೂಲಿ ದುಡ್ಡೆಲ್ಲ ಪ್ಯಾಕೆಟ್ಟಿಗೆ ಸುರಿದು ಬಂದ ಗಂಡನ ಎದುರು ಖಾಲಿ ಪಾತ್ರೆ ಹಿಡಿದು ನಿಂತ ಹೆಂಗಸಿನ ಸಿಟ್ಟಿಗೆ ಯಾವ ಟೆರುವಾ ಕಥೆಯೂ ಉತ್ತರ ಅಲ್ಲ. 1990ರ ದಶಕದಲ್ಲಿ ಪಕ್ಕದ ಆಂಧ್ರದ ದೂಬಗುಂಟದಲ್ಲಿ ಸಾರಾಯಿ ವಿರುದ್ಧ ಎದ್ದವರೂ ಇಂಥ ಹೆಂಗಸರೇ. ಆದರೆ ನಿಷೇಧದ ನಂತರ ಕೂಲಿಕಾರ ಕುಡಿಯೋದು ಬಿಟ್ಟನಾ? ಬಿಡಲಿಲ್ಲ, ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕಿಗೆ ಹೋದ. ಸಾರಾಯಿಗಿಂತ ಎಷ್ಟೋ ಹಗುರಾದ ಹೆಂಡಕ್ಕೆ ಮಾತ್ರ ಬಯಲುಸೀಮೆಯಲ್ಲಿ ಜಾಗ ಉಳಿಯಲಿಲ್ಲ. ಲೇಬಲ್ ಅಂಟಿಸಲಾಗದ, ಗೋಡೌನಿನಲ್ಲಿ ಇಡಲಾಗದ ಪಾನೀಯಕ್ಕೆ ಲಾಬಿ ಮಾಡುವವರು ಯಾರು?

ವೈನ್ ತೋಟಕ್ಕೆ ಹೋಗಿ, ಧಾರಾಳವಾಗಿ ಹೋಗಿ. ದ್ರಾಕ್ಷಿ ಬೆಳೆದ ರೈತನಿಗೆ ನಾಲ್ಕು ಕಾಸು ಸಿಗಲಿ. ಆದರೆ ಮೂಸಿ ನೋಡಿ ಮಣ್ಣಿನ ವಾಸನೆ ಹೇಳೋ ಕಲೆ ಫ್ರಾನ್ಸಿನಿಂದ ಬಂತು ಅಂದ್ಕೊಳ್ಳೋ ಮುಂಚೆ, ಯಾವ ಹಳ್ಳದ ಮರದ ಹೆಂಡ ಇದು ಅಂತ ಒಂದೇ ಗುಟುಕಿಗೆ ಹೇಳಬಲ್ಲವರು ನಮ್ಮ ಊರುಗಳಲ್ಲೂ ಇದ್ದರು ಅನ್ನೋದು ಗೊತ್ತಿರಲಿ. ಅವರ ಹತ್ತಿರ ಟೇಸ್ಟಿಂಗ್ ನೋಟ್ಸ್ ಇರಲಿಲ್ಲ, ಬರೆದಿಟ್ಟವರೂ ಕಡಿಮೆ. ಮುಂದಿನ ರಜೆಗೆ ಜಗಳೂರಿಗೋ ಹೊನ್ನಾಳಿಗೋ ಹೋದಾಗ ಮನೆಯ ಹಿರಿಯರನ್ನು ಒಮ್ಮೆ ಕೇಳಿ: ಮರ ಹೇಗೆ ಕೆತ್ತುತ್ತಿದ್ದರು, ಮಡಕೆ ಯಾವಾಗ ಇಳಿಸುತ್ತಿದ್ದರು? ಹೇಳುವವರು ಇನ್ನೂ ಇರುವಾಗಲೇ ಕೇಳಿ.