ಬೆಳಕಿನ ಬಣ್ಣ ಮತ್ತು ಔಷಧೀಯ ಹೂಗಿಡಗಳು: ದೆಹಲಿಯ ಸಂಶೋಧನಾ ಹಾದಿ

ಬೆಳಕು ಗಿಡಕ್ಕೆ ಆಹಾರ ತಯಾರಿಸುವ ಶಕ್ತಿ ಕೊಡುತ್ತದೆ. ಯಾವಾಗ ಮೊಳೆಯಬೇಕು, ಎತ್ತ ಬಾಗಬೇಕು, ಎಂದು ಹೂ ಬಿಡಬೇಕು ಎಂಬುದನ್ನೂ ತಿಳಿಸುತ್ತದೆ. ಈ ಎರಡನೆಯ ಕೆಲಸದಲ್ಲಿ ಬೆಳಕಿನ ಬಣ್ಣದ ಪಾತ್ರ ದೊಡ್ಡದು.

ಹಗಲಿನ ಉದ್ದಕ್ಕೂ ಹೂ ಬಿಡುವುದಕ್ಕೂ ಇರುವ ನಂಟನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ತೋರಿಸಿದರು. 1952ರಲ್ಲಿ ಬೆಲ್ಟ್ಸ್‌ವಿಲ್‌ನ ವಿಜ್ಞಾನಿಗಳು ಲೆಟಿಸ್ ಬೀಜ ಕೆಂಪು ಬೆಳಕಿನಲ್ಲಿ ಮೊಳೆಯುವುದನ್ನೂ ದೂರಗೆಂಪು ಬೆಳಕು ಅದನ್ನು ತಡೆಯುವುದನ್ನೂ ಕಂಡರು. ಇದಕ್ಕೆ ಕಾರಣವಾದ ಫೈಟೋಕ್ರೋಮ್ ಎಂಬ ವರ್ಣದ್ರವ್ಯ 1959ರಲ್ಲಿ ಪತ್ತೆಯಾಯಿತು. ದೀರ್ಘ ರಾತ್ರಿ ಬೇಡುವ ಸೇವಂತಿಗೆಗೆ ನಡುರಾತ್ರಿ ಸ್ವಲ್ಪ ಹೊತ್ತು ಕೆಂಪು ಬೆಳಕು ಬಿದ್ದರೂ ಹೂ ತಡವಾಗುವುದು ಇದೇ ವರ್ಣದ್ರವ್ಯದಿಂದ. ನೀಲಿ ಬೆಳಕನ್ನು ಗ್ರಹಿಸುವ ಕ್ರಿಪ್ಟೋಕ್ರೋಮ್‌ನ ಜೀನ್ 1993ರಲ್ಲಿಯೂ, ನೇರಳಾತೀತ-ಬಿ ಕಿರಣ ಗ್ರಾಹಕವಾದ ಯುವಿಆರ್8ರ ಕಾರ್ಯವಿಧಾನ 2011ರಲ್ಲಿಯೂ ತಿಳಿದುಬಂದವು.

ದೆಹಲಿಯಲ್ಲಿ ಈ ವಿಷಯ ಬೇರೂರಿದ್ದು ದೆಹಲಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ. ಅಲ್ಲಿ ಸತೀಶಚಂದ್ರ ಮಹೇಶ್ವರಿಯವರ ತಂಡ ನೀರಿನ ಮೇಲೆ ತೇಲುವ ಪುಟ್ಟ ಲೆಮ್ನಾ, ವುಲ್ಫಿಯಾ ಸಸ್ಯಗಳಲ್ಲಿ ಹೂ ಬಿಡುವಿಕೆಯನ್ನು ಅಧ್ಯಯನ ಮಾಡಿತು. ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಸುಧೀರ್ ಕುಮಾರ್ ಸೋಪೋರಿ ಫೈಟೋಕ್ರೋಮ್ ಸಂಕೇತಗಳನ್ನೂ, ದೆಹಲಿ ವಿಶ್ವವಿದ್ಯಾಲಯದ ದಕ್ಷಿಣ ಆವರಣದಲ್ಲಿ ಜಿತೇಂದ್ರ ಖುರಾನಾ ಕ್ರಿಪ್ಟೋಕ್ರೋಮ್‌ಗಳನ್ನೂ ಅಧ್ಯಯನ ಮಾಡಿದರು. ಪೂಸಾದ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1997ರಲ್ಲಿ ಆರಂಭವಾದ ರಾಷ್ಟ್ರೀಯ ಫೈಟೋಟ್ರಾನ್, ಬೆಳಕು, ಉಷ್ಣತೆ, ತೇವಾಂಶಗಳನ್ನು ಬೇಕಾದಂತೆ ಹಿಡಿದಿಟ್ಟು ಗಿಡ ಬೆಳೆಸುವ ಅನುಕೂಲ ಒದಗಿಸಿತು.

ಬೆಳಕು ಗಿಡದ ಔಷಧಾಂಶದ ಮೇಲೂ ಪ್ರಭಾವ ಬೀರುತ್ತದೆ ಎಂಬುದಕ್ಕೆ ನಿತ್ಯಪುಷ್ಪ ಸ್ಪಷ್ಟ ನಿದರ್ಶನ. ಕ್ಯಾನ್ಸರ್ ಔಷಧಗಳಾದ ವಿನ್‌ಬ್ಲಾಸ್ಟಿನ್ ಮತ್ತು ವಿನ್‌ಕ್ರಿಸ್ಟಿನ್ ಇದರ ಎಲೆಗಳಲ್ಲಿವೆ. ಕತ್ತಲಲ್ಲಿ ಬೆಳೆದ ಸಸಿಯಲ್ಲಿ ಟ್ಯಾಬರ್ಸೊನಿನ್ ಎಂಬ ಸಂಯುಕ್ತ ಶೇಖರವಾಗುತ್ತದೆ. ಬೆಳಕು ಸಿಕ್ಕ ಬಳಿಕವೇ ಅದು ವಿಂಡೊಲಿನ್ ಆಗಿ ಮಾರ್ಪಡುತ್ತದೆ. ಈ ಹಾದಿಯ ಒಂದು ಕಿಣ್ವದ ಚಟುವಟಿಕೆಯಲ್ಲಿ ಫೈಟೋಕ್ರೋಮ್ ಪಾಲ್ಗೊಳ್ಳುತ್ತದೆ. ವಿನ್‌ಬ್ಲಾಸ್ಟಿನ್ ರೂಪುಗೊಳ್ಳಲು ವಿಂಡೊಲಿನ್ ಮತ್ತು ಕ್ಯಾಥರಾಂಥಿನ್ ಬೆಸೆಯಬೇಕು; ಇದಕ್ಕೆ ಗೋಚರ ಬೆಳಕಿಗೆ ಹತ್ತಿರದ ನೇರಳಾತೀತ ಕಿರಣವೂ ನೆರವಾಗುತ್ತದೆ. ನೀಲಿ ಮತ್ತು ನೇರಳಾತೀತ-ಬಿ ಬೆಳಕು ಹಲವು ಹೂಗಳಲ್ಲಿ ಆಂಥೊಸಯನಿನ್, ಫ್ಲೇವನಾಯ್ಡ್‌ಗಳನ್ನು ಹೆಚ್ಚಿಸುತ್ತದೆ. ಆದರೆ ಅತಿಯಾದ ನೇರಳಾತೀತ ಕಿರಣ ಗಿಡವನ್ನು ಕುಗ್ಗಿಸುತ್ತದೆ. ದೂರಗೆಂಪು ಹೆಚ್ಚಾದರೆ ಕಾಂಡ ಉದ್ದವಾಗುತ್ತದೆ.

ಎಲ್‌ಇಡಿ ದೀಪಗಳು ಅಗ್ಗವಾದಂತೆ ಈ ಜ್ಞಾನ ಕೃಷಿಗೆ ಇಳಿಯಿತು. ದೆಹಲಿ ಪಕ್ಕದ ನೋಯ್ಡಾದಲ್ಲಿ ಮುಚ್ಚಿದ ಕೋಣೆಯಲ್ಲಿ ಕೇಸರಿ ಬೆಳೆಸಲಾಗಿದೆ. ಕೇಸರಿ ಗಡ್ಡೆ ತನ್ನಲ್ಲಿರುವ ಸಂಗ್ರಹದಿಂದಲೇ ಹೂ ಬಿಡಬಲ್ಲದು. ಮುಂದಿನ ವರ್ಷದ ಮರಿಗಡ್ಡೆಗಳು ದಪ್ಪವಾಗಲು ಮಾತ್ರ ಎಲೆಗೆ ಒಳ್ಳೆಯ ಬೆಳಕು ಬೇಕೇ ಬೇಕು. ದೆಹಲಿಯ ಚಳಿಗಾಲದ ಮಂಜು ಮತ್ತು ಹೊಗೆ ಸೂರ್ಯಪ್ರಕಾಶವನ್ನು ಕುಗ್ಗಿಸುವ ದಿನಗಳಲ್ಲಿ ದೀಪದ ಪೂರಕ ಬೆಳಕು ಉಪಯುಕ್ತ, ಆದರೆ ಅದರ ವಿದ್ಯುತ್ ವೆಚ್ಚವನ್ನು ಲೆಕ್ಕಕ್ಕೆ ಸೇರಿಸಬೇಕು.

ಬೆಳವಣಿಗೆಗೆ ಒಗ್ಗುವ ಬೆಳಕೇ ಔಷಧಾಂಶಕ್ಕೂ ಒಗ್ಗಬೇಕೆಂದಿಲ್ಲ. ಗ್ರಾಂ ಒಂದರಲ್ಲಿ ಸಾರ ಹೆಚ್ಚಿದ್ದರೂ ಗಿಡ ಚಿಕ್ಕದಾದರೆ ಒಟ್ಟು ಇಳುವರಿ ಕಡಿಮೆಯಾಗಬಹುದು. ಹಾಗಾಗಿ ಪ್ರತಿ ತಳಿಗೂ, ಬೆಳವಣಿಗೆಯ ಪ್ರತಿ ಹಂತಕ್ಕೂ ಬಣ್ಣ, ತೀವ್ರತೆ, ಅವಧಿಗಳನ್ನು ಬೇರೆ ಬೇರೆ ಗೊತ್ತುಮಾಡಿ, ಸಾರದ ಪ್ರಮಾಣವನ್ನೂ ಒಟ್ಟು ಇಳುವರಿಯನ್ನೂ ಜೊತೆಯಾಗಿ ಅಳೆಯುವುದೇ ಸರಿಯಾದ ವಿಧಾನ.